ತುಂಬಿದೆ ಎನ್ನುತ್ತಿದ್ದ ಬ್ಯಾಟರಿ

ನನ್ನ ಮಾವನಿಗೆ ಮರೆವು ಶುರುವಾಗಿದೆ ಎಂಬ ಸುದ್ದಿ ಮನೆಗೆ ಬಂದದ್ದು ಒಂದು ಬಲ್ಬಿನ ಮೂಲಕ. ಅವರ ಅಂಗಡಿಗೆ ವಾರದ ರಜೆಯ ದಿನ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯ ವಾಚ್‌ಮನ್ ಬೆಳಿಗ್ಗೆ ಡೊಂಬಿವಲಿಗೆ ಫೋನು ಮಾಡಿ, ಮುಚ್ಚಿದ ಶಟರಿನ ಸಂದಿಯಲ್ಲಿ ದೀಪ ಉರಿಯುವುದು ಕಾಣುತ್ತಿದೆ ಎಂದನಂತೆ. ಫೋನು ಎತ್ತಿದ್ದು ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ. ಪಕ್ಕದ ಕೋಣೆಯಲ್ಲಿದ್ದ ತಂದೆಗೆ ಹೇಳುವ ಮೊದಲು ಅವರು ಕೋಪರಖೈರಣೆಯಲ್ಲಿದ್ದ ನಮಗೆ ಹೇಳಿದರು.

"ಅಪ್ಪಯ್ಯ ನಿನ್ನೆ ಲೈಟ್ ಹಾಕಿಯೇ ಬಂದಿದ್ದಾರೆ ಭಾವ. ಇದು ಮೊದಲ ಸಲ ಅಲ್ಲ. ಇವತ್ತು ಲೈಟ್, ನಾಳೆ ಗ್ಯಾಸ್."

ಆ ಕೊನೆಯ ಮಾತಿನಿಂದಲೇ ನನಗೆ ಸಿಟ್ಟು ಹತ್ತಿತು ಎಂದು ಈಗ ಅನ್ನಿಸುತ್ತದೆ. ಆಗ ನಿಜವಾಗಿ ಬಂದದ್ದು ಸಿಟ್ಟೋ ಹೆದರಿಕೆಯೋ, ಗಟ್ಟಿಯಾಗಿ ಹೇಳಲಾರೆ. ನನ್ನ ನೆನಪನ್ನು ನಾನು ಹೆಚ್ಚು ನಂಬುವವನಲ್ಲ. ಎಂ.ಎಸ್ಸಿ. ಭೌತಶಾಸ್ತ್ರ ಓದುವಾಗ ಪ್ರಯೋಗಾಲಯದಲ್ಲಿ ನಾನು ಕಲಿತ ದೊಡ್ಡ ಪಾಠವೆಂದರೆ, ಕಂಡದ್ದನ್ನು ಕಂಡ ಕೂಡಲೇ ಗುರುತು ಹಾಕಿಕೊಳ್ಳದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅದು ನಮಗೆ ಬೇಕಾದ ಸಂಖ್ಯೆಯಾಗಿ ಬದಲಾಗುತ್ತದೆ. ಈ ಇಡೀ ಪ್ರಸಂಗದಲ್ಲಿ ನಾನು ಗುರುತು ಹಾಕಿಕೊಂಡದ್ದು ಕೆಲವು ವೋಲ್ಟುಗಳನ್ನು ಮಾತ್ರ. ಉಳಿದದ್ದೆಲ್ಲ ನೆನಪು. ಅದಕ್ಕೆ ಸಿಟ್ಟಿನ ಬಣ್ಣ ಹತ್ತಿದೆ.

ಮಾವ ಡೊಂಬಿವಲಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿದವರು. ಪಾಲುದಾರಿಕೆ ಮುಗಿದು ಹೋಟೆಲು ಕೈಬಿಟ್ಟ ಮೇಲೆ ಮನೆಯಲ್ಲಿ ಕೂರಲಾರದೆ, ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಗೇಟಿನ ಪಕ್ಕದಲ್ಲಿ ತಗಡಿನ ಮಾಡಿನ ಪುಟ್ಟ ಅಂಗಡಿ ಹಾಕಿದರು. ಬೆಳಿಗ್ಗೆ ಇಡ್ಲಿ, ಸಂಜೆ ಗೋಳಿಬಜೆ, ಎರಡೂ ಹೊತ್ತು ಚಹಾ. ಅವರ ಗೋಳಿಬಜೆಯನ್ನು ತಿನ್ನುವ ಮರಾಠಿ ಕಾರ್ಮಿಕರು ಅದಕ್ಕೆ 'ಅಣ್ಣಾಚೀ ಭಜೀ' ಎನ್ನುತ್ತಾರೆ. ಕಾರ್ಖಾನೆಯ ಮಾಲೀಕ ಜಾಗ ಕೊಟ್ಟ, ನೀರು ಕೊಟ್ಟ, ಕರೆಂಟಿನ ಲೈನು ಮಾತ್ರ ಕೊಡಲಿಲ್ಲ. ಆದ್ದರಿಂದ ಮಾಡಿನ ಮೇಲೆ ಒಂದು ಸೋಲಾರ್ ಪ್ಯಾನೆಲ್ ಕೂರಿಸಿದ್ದಾಯಿತು. ಒಳಗೆ ಒಂದು ದೊಡ್ಡ ಬ್ಯಾಟರಿ. ಇವೆರಡರ ನಡುವೆ, ಗೋಡೆಗೆ ಹೊಡೆದ ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಕಂಟ್ರೋಲರ್ ಪೆಟ್ಟಿಗೆ. ಬಿಸಿಲಿನಿಂದ ಬ್ಯಾಟರಿಗೆ ಎಷ್ಟು ಬಿಡಬೇಕು, ಬ್ಯಾಟರಿ ಖಾಲಿಯಾಗುತ್ತ ಬಂದಾಗ ಬಲ್ಬು ಫ್ಯಾನುಗಳನ್ನು ಯಾವಾಗ ಕಡಿಯಬೇಕು ಎಂದು ತೀರ್ಮಾನಿಸುವುದು ಆ ಪೆಟ್ಟಿಗೆಯ ಕೆಲಸ. ಬ್ಯಾಟರಿ ತುಂಬಿದರೆ ಅದರ ಮೇಲೆ ಒಂದು ಹಸಿರು ದೀಪ ಹತ್ತುತ್ತದೆ.

ಮೊದಲ ವರ್ಷ ಎಲ್ಲ ಸರಿಯಾಗಿತ್ತು. ಸಂಜೆಯ ಪಾಳಿಯವರು ಚಹಾಕ್ಕೆ ಬಂದು ಹೋಗಿ, ಮಾವ ಪಾತ್ರೆ ತೊಳೆದು ಶಟರು ಎಳೆಯುವವರೆಗೆ ದೀಪ ಉರಿಯುತ್ತಿತ್ತು. ಮಾರನೇ ವರ್ಷದ ಮಳೆ ಮುಗಿಯುವ ಹೊತ್ತಿಗೆ ಅದು ನಡುವೆಯೇ ಕೈಕೊಡತೊಡಗಿತು. ಕುದಿಯುವ ಎಣ್ಣೆಯ ಮುಂದೆ ನಿಂತಿರುವಾಗ ದೀಪ ಪಕ್ಕನೆ ಹೋಗುವುದೆಂದರೆ ಏನೆಂದು ಅಡುಗೆ ಮಾಡುವವರಿಗೆ ಹೇಳಬೇಕಾಗಿಲ್ಲ. ಮಾವ ಮೊಬೈಲಿನ ಟಾರ್ಚು ಹಚ್ಚಿ ಉಳಿದ ಹಿಟ್ಟನ್ನು ಹಾಗೆಯೇ ಮುಚ್ಚಿಟ್ಟು ಬಾಗಿಲು ಹಾಕುತ್ತಿದ್ದರು.

ಇದಕ್ಕೆ ಭಾವನ ಹತ್ತಿರ ವಿವರಣೆ ಸಿದ್ಧವಿತ್ತು. ಅಪ್ಪಯ್ಯ ರಾತ್ರಿ ದೀಪ ಆರಿಸುವುದನ್ನು ಮರೆಯುತ್ತಾರೆ. ಬೆಳಗಿನವರೆಗೆ ಉರಿದು ಬ್ಯಾಟರಿ ಬತ್ತುತ್ತದೆ. ಹಗಲಿಡೀ ತುಂಬಿದ್ದು ಸಾಕಾಗುವುದಿಲ್ಲ. ವಾಚ್‌ಮನ್ ಸಾಕ್ಷಿ. ಕೇಳಿದರೆ ಯಾರಿಗೂ ಸರಿ ಅನ್ನಿಸುವ ವಿವರಣೆ. ನನಗೂ ಒಂದೆರಡು ದಿನ ಸರಿ ಅನ್ನಿಸಿತ್ತು.

ಆದರೆ ಭಾವ ಅಷ್ಟಕ್ಕೆ ನಿಲ್ಲಲಿಲ್ಲ. ಆ ಜಾಗಕ್ಕೆ ಒಬ್ಬ ವಡಾಪಾವಿನವನನ್ನು ನೋಡಿಟ್ಟರು. ದೀಪಾವಳಿಯ ಒಳಗೆ ಅಂಗಡಿ ಬಿಟ್ಟುಕೊಡುವುದು, ಅಪ್ಪಯ್ಯ ಮನೆಯಲ್ಲಿ ಆರಾಮವಾಗಿರುವುದು. 'ಆರಾಮ' ಎಂಬ ಶಬ್ದವನ್ನು ಅವರು ಬಳಸುವ ರೀತಿ ನನ್ನ ಮೈ ಉರಿಸುತ್ತಿತ್ತು. ಒಬ್ಬ ಮನುಷ್ಯನ ಕೈಯಿಂದ ಅವನ ಕೆಲಸ ಕಿತ್ತುಕೊಳ್ಳುವಾಗ ಆಡುವ ಮಾತು ಅದು.

ನಡುವೆ ಉಲ್ಹಾಸನಗರದಿಂದ ಬ್ಯಾಟರಿ ಮಾರಿದವನು ನೋಡಲು ಬಂದ. ಆ ಹೊತ್ತಿಗೆ ನಾನು ಅಲ್ಲಿದ್ದೆ ಎಂದು ನನ್ನ ನೆನಪು. ನೀವು ಇರಲಿಲ್ಲ, ಅಪ್ಪಯ್ಯ ಹೇಳಿದ್ದನ್ನು ಕೇಳಿ ಇದ್ದೆ ಎಂದುಕೊಂಡಿದ್ದೀರಿ ಎಂದು ಹೆಂಡತಿ ಹೇಳುತ್ತಾಳೆ. ಇರಲಿ. ಅವನು ಹೊಸ್ತಿಲಿನ ಹೊರಗೆ ಬೂಟು ಹಾಕಿಕೊಂಡೇ ನಿಂತು ಕತ್ತು ಚಾಚಿ ಪೆಟ್ಟಿಗೆಯನ್ನು ನೋಡಿದ.

"ಚಾಚಾ, ಫುಲ್ ಹೈ. ಹರೀ ಬತ್ತಿ ದೇಖೋ. ಬ್ಯಾಟರಿ ಏಕ್‌ದಮ್ ಮಸ್ತ್."

"ಫುಲ್ ಹೈ ತೋ ಶಾಮ್ ಕೋ ಬಂದ್ ಕಾಯ್ಕೋ ಹೋತಾ ಹೈ?" ಎಂದರು ಮಾವ.

"ರಾತ್ ಭರ್ ಜಲಾಯೇಂಗೇ ತೋ ಬಂದ್ ಹೋಗಾ ನಾ. ಆಪ್ ಕಾ ಬೇಟಾ ಬೋಲಾ ಮೇರೇಕೋ. ಆಪ್ ಭೂಲ್ ಜಾತೇ ಹೋ."

ಹಸಿರು ದೀಪವೇ ಹೇಳುತ್ತದೆ, ತುಂಬಿದೆ ಎಂದ. ತುಂಬಿದ್ದರೆ ಸಂಜೆ ಯಾಕೆ ಆರುತ್ತದೆ ಎಂದು ಕೇಳಿದವರಿಗೆ, ರಾತ್ರಿಯಿಡೀ ಉರಿಸಿದರೆ ಆರದಿರುತ್ತದೆಯೇ, ನೀವೇ ಮರೆಯುತ್ತೀರಂತೆ, ಮಗನೇ ಹೇಳಿದ್ದಾನೆ ಎಂಬ ಉತ್ತರ. ಅಷ್ಟೊತ್ತಿಗೆ ಈ ಮಾತು ಊರು ಸುತ್ತಿ ಉಲ್ಹಾಸನಗರದ ಗಲ್ಲಿಯ ತನಕ ಹೋಗಿತ್ತು. ಬ್ಯಾಟರಿಯ ಒಂದು ತಂತಿಯನ್ನೂ ಮುಟ್ಟದೆ, ಮನುಷ್ಯನ ತಲೆ ಕೆಟ್ಟಿದೆ ಎಂದು ಪರೀಕ್ಷೆ ಮುಗಿಸಿ ಅವನು ಹೋದ.

ನನ್ನನ್ನು ನಿಜವಾಗಿ ಕೆರಳಿಸಿದ್ದು ಇವರಿಬ್ಬರ ಮಾತಿಗಿಂತ ಮಾವ ಆ ಮಾತನ್ನು ಒಪ್ಪಿಕೊಳ್ಳತೊಡಗಿದ್ದು. ಒಂದು ಸಂಜೆ ಆಫೀಸಿನಿಂದ ಠಾಣೆಗೆ ಬಂದು ಅಂಗಡಿಗೆ ಹೋದೆ. ಮಾವ ಗೋಳಿಬಜೆಯ ಹಿಟ್ಟಿಗೆ ಉಪ್ಪು ಹಾಕಿದರು, ಕಲಸಿದರು, ನಾಲಗೆಗೆ ಮುಟ್ಟಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಾಲಗೆಗೆ ಮುಟ್ಟಿಸಿಕೊಂಡರು. ಬಾಯಿಗೆ ಹಾಕಿ ರುಚಿ ನೋಡುವುದಿರಲಿ, ಹಿಟ್ಟಿನ ಬಣ್ಣ ನೋಡಿಯೇ ಉಪ್ಪು ಹೇಳುತ್ತಿದ್ದ ಮನುಷ್ಯ. ದೀಪ ಎಂದಿನಂತೆ ನಡುವೆ ಹೋಯಿತು. ಶಟರು ಎಳೆದು ಬೀಗ ಹಾಕಿ ಹತ್ತು ಹೆಜ್ಜೆ ಬಂದಿರಬೇಕು, ನಿಂತುಬಿಟ್ಟರು.

"ಗ್ಯಾಸ್ ತಿರುಗಿಸಿದೆ ಅಲ್ವಾ? ನೀವು ಕಂಡಿರಿ ಅಲ್ವಾ?"

"ಕಂಡೆ ಮಾವ. ತಿರುಗಿಸಿದಿರಿ."

"ಸರಿಯಾಗಿ ಕಂಡಿರಾ, ಅಲ್ಲ ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಹೇಳ್ತೀರಾ?"

ಕಂಡಿದ್ದೆ. ಆದರೆ ಅವರು ಹಾಗೆ ಕೇಳಿದ ಕೂಡಲೇ ನನಗೇ ಸಂಶಯ ಬಂತು.

ಠಾಣೆ ಸ್ಟೇಷನ್ನಿಗೆ ಹೋಗುವ ಶೇರ್ ರಿಕ್ಷಾದಲ್ಲಿ ಅವರು ಇನ್ನೊಂದು ಮಾತು ಹೇಳಿದರು. ದೂರಿನ ದನಿಯಲ್ಲಿ ಅಲ್ಲ, ಆಡಿಕೊಳ್ಳುವ ದನಿಯಲ್ಲಿ. "ಈಗ ನಮ್ಮ ಬ್ಯಾಟರಿ ಭಾರೀ ಚುರುಕು ಆಗಿದೆ ಮಾರಾಯ್ರೆ. ಮೊದಲು ಮಧ್ಯಾಹ್ನ ಕಳೆದ ಮೇಲೆ ಹಸಿರು ದೀಪ ಬರ್ತಿತ್ತು. ಈಗ ಇಡ್ಲಿ ಮುಗೀಲಿಕ್ಕಿಲ್ಲ, ಆಗ್ಲೇ ಫುಲ್. ನನ್ನ ಹಾಗೆ ಅಲ್ಲ ಅದು."

ರಿಕ್ಷಾದ ಗದ್ದಲದಲ್ಲಿ ಮೊದಲು ನಾನು ನಕ್ಕೆ. ಆಮೇಲೆ, ಕೋಪರಖೈರಣೆಯ ಲೋಕಲ್‌ನಲ್ಲಿ ನಿಂತುಕೊಂಡಿರುವಾಗ, ಆ ಮಾತು ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡತೊಡಗಿತು. ರಾತ್ರಿಯಿಡೀ ಉರಿದು ಬತ್ತಿದ ಬ್ಯಾಟರಿ ತುಂಬಲು ಹೆಚ್ಚು ಹೊತ್ತು ಬೇಕು, ಕಡಿಮೆ ಅಲ್ಲ. ಬತ್ತಿದ ಕೊಡ ನಲ್ಲಿಯ ಕೆಳಗೆ ಇಟ್ಟ ಕೂಡಲೇ ತುಂಬಿತೆಂದು ಯಾರಾದರೂ ಹೇಳಿದರೆ, ನೀರು ಕೊಡಕ್ಕೆ ಹೋಗಲೇ ಇಲ್ಲ ಎಂದರ್ಥ. ಭಾವನ ವಿವರಣೆ ಅಲ್ಲಿಗೆ ಮುರಿದುಬಿದ್ದಿತ್ತು. ಯಾರೂ ಅದನ್ನು ಎತ್ತಿ ಅಲುಗಾಡಿಸಿ ನೋಡಿರಲಿಲ್ಲ, ಅಷ್ಟೇ. ಹಸಿರು ದೀಪ ಹೇಳಿದ್ದನ್ನು ಎಲ್ಲರೂ ನಂಬಿದರು, ಮುದುಕ ಹೇಳಿದ್ದನ್ನು ಯಾರೂ ನಂಬಲಿಲ್ಲ. ನಿಂತಲ್ಲೇ ನನಗೆ ಎಷ್ಟು ಸಿಟ್ಟು ಬಂತೆಂದರೆ, ಪಕ್ಕದಲ್ಲಿ ನಿಂತವನು ನನ್ನ ಮುಖ ನೋಡಿ ಚೀಲವನ್ನು ಆಚೆ ಸರಿಸಿಕೊಂಡ.

ಮಾರನೇ ದಿನ ಅರ್ಧ ರಜೆ ಹಾಕಿ, ಮನೆಯಲ್ಲಿದ್ದ ಮಲ್ಟಿಮೀಟರ್ ಚೀಲಕ್ಕೆ ಹಾಕಿಕೊಂಡು ಬೆಳಿಗ್ಗೆಯೇ ಅಂಗಡಿಗೆ ಹೋದೆ. ಮೀಟರೆಂದರೆ ಎರಡು ಸೂಜಿ ತಂತಿ ಇರುವ ಸಣ್ಣ ಯಂತ್ರ. ಅವೆರಡನ್ನೂ ಬೇಕಾದಲ್ಲಿ ಮುಟ್ಟಿಸಿದರೆ ಅಲ್ಲಿ ಎಷ್ಟು ವೋಲ್ಟು ಇದೆಯೆಂದು ಹೇಳುತ್ತದೆ. ಇಡ್ಲಿಯ ಗಿರಾಕಿಗಳು ಖಾಲಿಯಾಗುತ್ತಿದ್ದರು. ಹಸಿರು ದೀಪ ಆಗಲೇ ಹತ್ತಿತ್ತು. ಪೆಟ್ಟಿಗೆಯ ತಿರುಪುಗಳಿಗೆ ಸೂಜಿ ಹಿಡಿದೆ. ಹದಿನಾಲ್ಕು ವೋಲ್ಟಿಗಿಂತ ಮೇಲೆ. ತುಂಬಿದ ಬ್ಯಾಟರಿಯ ಲಕ್ಷಣವೇ. ಇನ್ನು ಬ್ಯಾಟರಿಯ ತಲೆಯ ಮೇಲೆಯೇ ಹಿಡಿದು ನೋಡಬೇಕು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಹೋಟೆಲಿನವರು ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಮೊದಲು ಮಾಡುವ ಕೆಲಸ ಚಹಾ ಇಡುವುದಲ್ಲ. ದೇವರ ಪಟಕ್ಕೆ ದೀಪ ಹಚ್ಚಿ, ಅಲ್ಲಿಂದ ಒಲೆಗೆ, ಗ್ರೈಂಡರಿಗೆ, ಗಲ್ಲಾಪೆಟ್ಟಿಗೆಗೆ ನೀರು ಚಿಮುಕಿಸಿ, ಗಂಧ ಕುಂಕುಮ ಹಚ್ಚಿ, ಒಂದೊಂದು ಹೂವಿಡುತ್ತಾರೆ. ಅನ್ನ ಕೊಡುವ ವಸ್ತುವಿಗೆ ಸಲ್ಲಬೇಕಾದ ಮರ್ಯಾದೆ ಅದು. ಅಂಗಡಿಗೆ ಬ್ಯಾಟರಿ ಬಂದಾಗ ಅದೂ ಆ ಸಾಲಿಗೆ ಸೇರಿತು. ನೆಲದಲ್ಲಿಟ್ಟರೆ ಕಾಲು ತಾಗುತ್ತದೆಂದು ಮಾವ ಅದನ್ನು ದೇವರ ಪಟದ ಕೆಳಗಿನ ಮರದ ಹಲಗೆಯ ಮೇಲೆ ಕೂರಿಸಿದ್ದರು. ಪ್ರತಿ ಬೆಳಿಗ್ಗೆ ಅದರ ಮೇಲೆ ನೀರು, ಅರಸಿನ, ಕುಂಕುಮ, ಗೊಂಡೆಹೂವು. ಇಡುವುದು ಎಲ್ಲಿ? ಎತ್ತರವಾಗಿ, ತಲೆಯ ಹಾಗೆ ಕಾಣುವ ಜಾಗದಲ್ಲಿ. ಎಂದರೆ ಸೀಸದ ಎರಡು ಮೊಳೆಗಳ ಮೇಲೆ, ತಂತಿ ಕಚ್ಚಿಕೊಂಡಿರುವಲ್ಲಿ. ಪ್ಲಸ್ ಕಡೆಯದ್ದು ಒಂದು ಕೆಂಪು ಗುಡ್ಡೆಯೇ ಆಗಿತ್ತು.

ಉಲ್ಹಾಸನಗರದವನು ಬೂಟು ಬಿಚ್ಚುವ ಸೋಮಾರಿತನಕ್ಕೆ ಅದನ್ನು ಮುಟ್ಟಲಿಲ್ಲ. ಭಾವ ಮುಟ್ಟದಿದ್ದದ್ದು ಭಕ್ತಿಗೆ. ನಾನು, ದೇವರು ದಿಂಡರು ನಂಬದವನು, ಮುಟ್ಟಿದರೆ ಮಾತಿಗೆ ಮಾತು ಬೆಳೆಯುತ್ತದೆಂದು ದೂರವಿದ್ದೆ. ಕುಂಕುಮ ಹಚ್ಚಿದ ವಸ್ತುವನ್ನು ಒರೆಸುವುದು ನಮ್ಮಲ್ಲಿ ಯಾರಿಗೂ ಸುಲಭವಲ್ಲ. ನಂಬದವನಿಗೆ ಇನ್ನೂ ಕಷ್ಟ. ಅವನು ಒರೆಸಿದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ.

"ಮಾವ, ಇದನ್ನು ತೆಗೀಬೇಕು. ಸೀಸ ಕಾಣದೆ ಅಳತೆ ಸಿಕ್ಕುದಿಲ್ಲ."

ಅವರು ಕೈ ಒರೆಸಿಕೊಂಡು ಹತ್ತಿರ ಬಂದರು. "ನಾನೇ ತೆಗೀತೇನೆ. ನೀವು ತೆಗೆದ್ರೆ ಸೇಡು ತೀರಿಸಿದ ಹಾಗೆ ತೆಗೀತೀರಿ."

ಒಂದು ತಟ್ಟೆ ತಂದರು. ಹೂವನ್ನು ಎತ್ತಿ ಕಣ್ಣಿಗೊತ್ತಿ ತಟ್ಟೆಗೆ ಹಾಕಿದರು. ಕುಂಕುಮವನ್ನು ಚಮಚದ ಹಿಡಿಯಿಂದ ಕೆರೆಯತೊಡಗಿದರು. ಮೇಲಿನ ಪದರ ಪುಡಿಯಾಗಿ ಬಿತ್ತು. ಅದರ ಕೆಳಗೆ ಅದು ಗಟ್ಟಿಯಾಗಿತ್ತು, ಆಮೇಲೆ ಬಣ್ಣವೂ ಕೆಂಪಾಗಿರಲಿಲ್ಲ. ಹಸಿರು, ನೀಲಿ, ಬಿಳಿ. ಹಳೆಯ ತಾಮ್ರದ ಕೊಡದ ತಳದಲ್ಲಿ ಕಟ್ಟುವ ಕಿಲುಬಿನ ಹಾಗೆ, ಆದರೆ ಹೂಕೋಸಿನಷ್ಟು ದಪ್ಪ. ತಂತಿಯ ಹಿಡಿ ಎಲ್ಲಿ ಮುಗಿದು ಸೀಸ ಎಲ್ಲಿ ಶುರುವಾಗುತ್ತದೆಂದೇ ತಿಳಿಯುತ್ತಿರಲಿಲ್ಲ.

ಚೂರಿಯ ತುದಿಯಿಂದ ಮೊಳೆಯ ನೆತ್ತಿಯನ್ನು ಸ್ವಲ್ಪ ಕೆರೆದು ಹೊಳೆಯುವ ಸೀಸ ಕಂಡ ಮೇಲೆ ಮೀಟರಿನ ಸೂಜಿ ಇಟ್ಟೆ. ಹನ್ನೆರಡಕ್ಕಿಂತ ಚೂರು ಮೇಲೆ. ಪೆಟ್ಟಿಗೆಯಲ್ಲಿ ಹದಿನಾಲ್ಕು ದಾಟಿದ್ದು, ಒಂದು ಮೊಳದ ತಂತಿ ದಾಟಿ ಬ್ಯಾಟರಿಗೆ ಬರುವಷ್ಟರಲ್ಲಿ ಹನ್ನೆರಡಾಗಿತ್ತು. ನಡುವಿನದ್ದನ್ನು ಆ ಕಿಲುಬು ನುಂಗುತ್ತಿತ್ತು. ಪೆಟ್ಟಿಗೆಗೆ ಕಾಣುವುದು ತನ್ನ ತುದಿಯ ವೋಲ್ಟು ಮಾತ್ರ. ಅಲ್ಲಿ ಹದಿನಾಲ್ಕು ಕಂಡ ಕೂಡಲೇ ಬ್ಯಾಟರಿ ತುಂಬಿತೆಂದು ತಿಳಿದು ಹಸಿರು ದೀಪ ಹಚ್ಚಿ ಬಿಸಿಲನ್ನು ತಡೆದುಬಿಡುತ್ತಿತ್ತು. ಬ್ಯಾಟರಿ ಹಸಿದೇ ಇರುತ್ತಿತ್ತು. ಸಂಜೆ ದೀಪ ಹಾಕಿದರೆ ಅದೇ ಕಿಲುಬು ಆ ಕಡೆಯಿಂದಲೂ ನುಂಗುತ್ತಿತ್ತು. ಪೆಟ್ಟಿಗೆ ಬ್ಯಾಟರಿ ಖಾಲಿ ಎಂದು ಬಲ್ಬನ್ನು ಕಡಿಯುತ್ತಿತ್ತು.

ಮೀಟರು ಹಿಡಿದುಕೊಂಡೇ ನಿಂತೆ. ಬಲ್ಬಿನ ಒಗಟೂ ಅಲ್ಲೇ ಬಿಚ್ಚಿಕೊಂಡಿತು. ಪೆಟ್ಟಿಗೆ ದೀಪವನ್ನು ಕಡಿದಾಗ ಸ್ವಿಚ್ಚು ಹಾಕಿದಂತೆಯೇ ಇರುತ್ತದೆ. ಕತ್ತಲಲ್ಲಿ ಟಾರ್ಚು ಹಿಡಿದು ಎಣ್ಣೆ ಇಳಿಸಿ, ಪಾತ್ರೆ ಮುಚ್ಚಿ ಹೊರಡುವ ಮನುಷ್ಯ, ಆಗಲೇ ಆರಿಹೋದ ದೀಪದ ಸ್ವಿಚ್ಚನ್ನು ಹುಡುಕಿ ಆರಿಸುವುದಿಲ್ಲ. ಬೆಳಿಗ್ಗೆ ಪ್ಯಾನೆಲ್‌ಗೆ ಬಿಸಿಲು ತಾಗಿದ ಕೂಡಲೇ ಪೆಟ್ಟಿಗೆಗೆ ವೋಲ್ಟು ಕಾಣುತ್ತದೆ, ಅದು ಬಲ್ಬಿನ ದಾರಿ ಬಿಡುತ್ತದೆ. ಮುಚ್ಚಿದ ಅಂಗಡಿಯೊಳಗೆ ದೀಪ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ವಾಚ್‌ಮನ್ ಕಂಡದ್ದು ಅದು. ರಾತ್ರಿಯಿಡೀ ಏನೂ ಉರಿದಿರಲಿಲ್ಲ.

ಇದನ್ನು ಮಾವನಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ. ಅವರು ಕಿಲುಬಿನ ತಟ್ಟೆ ಹಿಡಿದುಕೊಂಡು ಕೇಳಿದರು. ಸಂತೋಷಪಡುತ್ತಾರೆಂದು ನಾನು ಎಣಿಸಿದ್ದೆ.

"ಆದ್ರೆ ನಾನು ಸ್ವಿಚ್ ಆಫ್ ಮಾಡಿದ್ದು ನನಗೆ ನೆನಪುಂಟಲ್ಲ," ಎಂದರು. "ಕೈ ಎತ್ತಿದ್ದು, ಟಕ್ ಅಂದದ್ದು, ಎಲ್ಲ ನೆನಪುಂಟು. ಅದು ಎಂತದ್ದು ಹಾಗಾದ್ರೆ?"

ಬೇರೆ ರಾತ್ರಿಗಳ ಟಕ್ ಎಂಬ ಸದ್ದು ಈ ರಾತ್ರಿಗೂ ಅಂಟಿಕೊಂಡಿರಬೇಕು. ಕತ್ತಲೆ ಕಂಡರೆ ಆರಿಸಿದ್ದೇನೆ ಅನ್ನಿಸುತ್ತದೆ, ಅಷ್ಟೇ. ನನಗೂ ಹಾಗೆಯೇ. ಎಲ್ಲರಿಗೂ ಹಾಗೆಯೇ. ಹೀಗೆಲ್ಲ ಹೇಳಿದೆನೋ ಮನಸ್ಸಿನಲ್ಲೇ ಅಂದುಕೊಂಡೆನೋ, ಈಗ ನೆನಪಿಲ್ಲ.

ಮುಂದಿನ ಕೆಲಸ ಸಣ್ಣದು. ಮೊದಲು ಮಾಡಿನ ಮೇಲಿನಿಂದ ಬರುವ ಪ್ಯಾನೆಲ್ಲಿನ ತಂತಿ ಬಿಚ್ಚಿದೆ. ಆಮೇಲೆ ಬ್ಯಾಟರಿಯ ಮೈನಸ್, ಕೊನೆಗೆ ಪ್ಲಸ್. ಪ್ಲಸ್ಸಿನ ಹಿಡಿ ಸ್ಪ್ಯಾನರಿಗೂ ಬಗ್ಗಲಿಲ್ಲ. ಬಿಸಿನೀರು ಸುರಿದು ಬಿಡಿಸಬೇಕಾಯಿತು. ಕಿಲುಬಿಗೆ ಅಡುಗೆ ಸೋಡಾ ಒಳ್ಳೆಯದು. ಅದಕ್ಕೆ ಹೊರಗೆ ಹೋಗಬೇಕಾಗಿರಲಿಲ್ಲ, ಗೋಳಿಬಜೆಯ ಅಂಗಡಿ.

"ಸೋಡಾ ಪೂರ್ತಿ ಮುಗಿಸ್ಬೇಡಿ ಮಾರಾಯ್ರೆ. ಸಂಜೆ ಬಜೆ ಉಬ್ಬದಿದ್ರೆ ಗಿರಾಕಿಗಳಿಗೆ ನಿಮ್ಮನ್ನೇ ತೋರಿಸ್ತೇನೆ."

ಬಿಸಿನೀರಿಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಕಿಲುಬು ನೊರೆಯುಗುಳುತ್ತ ಕರಗಿತು. ಮರಳು ಕಾಗದದಿಂದ ಸೀಸವನ್ನೂ ಹಿಡಿಯ ಒಳಮೈಯನ್ನೂ ಉಜ್ಜಿ, ಒರೆಸಿ ಒಣಗಿಸಿ, ತಂತಿಗಳನ್ನು ಬಿಚ್ಚಿದ ಕ್ರಮಕ್ಕೆ ತಿರುಗು ಮುರುಗಾಗಿ ಜೋಡಿಸಿ ಬಿಗಿದೆ. ಮಾವ ಕಾಲಿನ ಒಡಕಿಗೆ ಇಟ್ಟುಕೊಂಡಿದ್ದ ಪೆಟ್ರೋಲಿಯಂ ಜೆಲ್ಲಿಯನ್ನು ಮೇಲಿನಿಂದ ಬಳಿದೆ. ಮತ್ತೆ ಮೀಟರು ಹಿಡಿದೆ. ಪೆಟ್ಟಿಗೆಯಲ್ಲಿ ಎಷ್ಟೋ ಬ್ಯಾಟರಿಯ ಮೇಲೂ ಹೆಚ್ಚುಕಡಿಮೆ ಅಷ್ಟೇ.

ಹಸಿರು ದೀಪ ಆರಿತು. ಆ ದಿನವಿಡೀ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ಬ್ಯಾಟರಿ ಖಾಲಿ ಇದೆ, ತುಂಬುತ್ತಾ ಇದ್ದೇನೆ ಎಂದು ಪೆಟ್ಟಿಗೆ ಕೊನೆಗೂ ನಿಜ ಹೇಳತೊಡಗಿತ್ತು. ಮಳೆ ಹೋಗಿ ಬಿಸಿಲು ಚೆನ್ನಾಗಿದ್ದ ದಿನಗಳು. ಆ ವಾರ ಕಳೆಯುವಷ್ಟರಲ್ಲಿ ಮಾವ ಕೊನೆಯ ಪಾತ್ರೆ ತೊಳೆದು ಕವುಚಿಡುವವರೆಗೂ ದೀಪ ಉರಿಯುತ್ತಿತ್ತು. ಬೆಳಗಿನ ಹೂವನ್ನು ಅವರು ಈಗ ಬ್ಯಾಟರಿಯ ಮುಂದೆ ಹಲಗೆಯ ಮೇಲೆ ಇಡುತ್ತಾರೆ. ಕುಂಕುಮ ಅದರ ಪ್ಲಾಸ್ಟಿಕ್ ಹೊಟ್ಟೆಗೆ.

ರಜೆಯ ದಿನ ಡೊಂಬಿವಲಿಗೆ ಹೋದೆವು. ಭಾವನಿಗೆ ಎಲ್ಲವನ್ನೂ ಹೇಳಿದೆ. ಕಿಲುಬಿನ ಫೋಟೋ ತೋರಿಸಿದೆ. ವೋಲ್ಟುಗಳನ್ನು ಹೇಳಿದೆ. ಮಾವ ಬಾಲ್ಕನಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

ಭಾವ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. "ಸರಿ. ಬ್ಯಾಟರಿ ಹಾಳಾಗಿತ್ತು. ಈಗ ಸರಿ ಆಯ್ತು. ಆದ್ರೆ ಸ್ವಿಚ್ ಆನ್ ಇತ್ತು ಅಂತ ನೀವೇ ಹೇಳ್ತಾ ಇದ್ದೀರಿ. ಅಪ್ಪಯ್ಯ ಆಫ್ ಮಾಡಿದ್ದೇನೆ ಅಂತ ನನ್ನ ಹತ್ರ ಜಗಳ ಮಾಡಿದ್ರು. ಯಾರದ್ದು ಸರಿ?"

"ಆರಿಹೋದ ದೀಪದ ಸ್ವಿಚ್ಚು ನೀವಾದ್ರೂ ಆಫ್ ಮಾಡ್ತೀರಾ ಭಾವ? ಈ ಬಿಲ್ಡಿಂಗಿನಲ್ಲಿ ಕರೆಂಟು ಹೋದಾಗ ಸ್ವಿಚ್ಚು ಆಫ್ ಮಾಡಿ ಹೊರಗೆ ಹೋಗ್ತೀರಾ?"

"ನಾನು ಮಾಡುದಿಲ್ಲ. ಆದ್ರೆ ಮಾಡಿದ್ದೇನೆ ಅಂತಾನೂ ಹೇಳುದಿಲ್ಲ."

ಅದು ಹೊಡೆತವೇ. ಅದರಲ್ಲಿ ಹುರುಳಿತ್ತು ಎಂಬುದೇ ನನ್ನನ್ನು ಇನ್ನಷ್ಟು ಕೆರಳಿಸಿತು. "ಒಂದು ಸ್ವಿಚ್ಚಿನ ಮೇಲೆ ಮನುಷ್ಯನನ್ನು ಅಂಗಡಿಯಿಂದ ಎಬ್ಬಿಸ್ಲಿಕ್ಕೆ ಹೊರಟಿದ್ದಿರಿ. ಬ್ಯಾಟರಿಯವನ ಹತ್ರ, ವಾಚ್‌ಮನ್ ಹತ್ರ, ಎಲ್ಲರ ಹತ್ರ ಹೇಳಿದಿರಿ. ತಂದೆಯ ಹತ್ರ ಒಂದು ಸಲ ಕೂತು ಕೇಳಿದಿರಾ?"

"ಗ್ಯಾಸಿಗೂ ನಿಮ್ಮ ಹತ್ರ ಒಂದು ಮೀಟರ್ ಉಂಟಾ ಭಾವ? ಏನಾದ್ರೂ ಆದ್ರೆ ಪೊಲೀಸಿನವರು ಕೋಪರಖೈರಣೆಗೆ ಬರುದಿಲ್ಲ, ಇಲ್ಲಿಗೆ ಬರುದು."

"ಸಾಕು," ಎಂದಳು ಹೆಂಡತಿ. ಇಬ್ಬರಿಗೂ.

ಆಗ ಬಾಲ್ಕನಿಯ ಬಾಗಿಲಿನಿಂದ ಮಾವನ ದನಿ ಬಂತು. ಕೂಗಲಿಲ್ಲ, ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ಒಳಗಿನವರಿಗೆ ಹೇಳುತ್ತಿದ್ದ ದನಿ.

"ಆ ವಡಾಪಾವಿನವನಿಗೆ ಫೋನು ಹಾಕು. ಜಾಗ ಇಲ್ಲ ಅಂತ ಹೇಳು."

"ಹೇಳ್ತೇನೆ ಅಪ್ಪಯ್ಯ. ನಾಳೆ..."

"ಈಗ ಹಾಕು. ನನ್ನ ಮುಂದೆ. ನಾಳೆ ಅಂದ್ರೆ ನೀನು ಮರೆತುಬಿಡ್ತಿ."

ಭಾವ ತಂದೆಯ ಮುಖ ನೋಡಿದರು, ನನ್ನ ಮುಖ ನೋಡಿದರು. ಭಾವನ ಮುಖ ಕೆಂಪಾಗಿತ್ತು. ಫೋನು ಹಾಕಿ, ನಮ್ಮೆಲ್ಲರ ಎದುರು, ಹಿಂದಿಯಲ್ಲಿ, ಜಾಗ ಖಾಲಿಯಿಲ್ಲ, ಪಿತಾಜಿ ಖುದ್ ಚಲಾ ರಹೇ ಹೈಂ, ಅಪ್ಪನೇ ನಡೆಸುತ್ತಿದ್ದಾರೆ ಎಂದರು. ಮಾವ ಎದ್ದು ಒಳಗೆ ಹೋದರು. ಅಂಗಡಿ ಉಳಿಯಿತು.

ಹಿಂದಿರುಗುವಾಗ ರೈಲಿನಲ್ಲಿ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೋದ ವರ್ಷದ ಆಯುಧಪೂಜೆಯ ದಿನ ಬ್ಯಾಟರಿಯ ಮೇಲೆ ಕಾಯಿ ಒಡೆದು ನೀರು ಸುರಿದದ್ದು ನಿನ್ನ ಅಣ್ಣನೇ, ಕಿಲುಬು ಶುರುವಾದದ್ದೇ ಅಲ್ಲಿಂದ ಎಂದೆ. ನನಗೆ ಚೆನ್ನಾಗಿ ನೆನಪಿತ್ತು. ಬಿಳಿ ಪಂಚೆ, ಬ್ಯಾಟರಿಯ ಮೇಲೆ ಚಾಚಿದ ಕೈ, ಮೊಳೆಗಳ ನಡುವೆ ಹರಿದ ಕಾಯಿನೀರು.

"ಅದು ಅಪ್ಪಯ್ಯ," ಎಂದಳು ಹೆಂಡತಿ.

"ಭಾವ."

ಅವಳು ಫೋನಿನಲ್ಲಿ ಹುಡುಕಿ ಆ ದಿನದ ಒಂದು ಫೋಟೋ ತೆಗೆದಳು. ಬ್ಯಾಟರಿ ಇದೆ, ಒಡೆದ ಕಾಯಿಯ ಒಂದು ಹೋಳಿದೆ, ಮಣಿಗಂಟಿನವರೆಗೆ ಒಂದು ಕೈಯಿದೆ. ಬೆರಳಿನಲ್ಲಿ ತಾಮ್ರದ ಉಂಗುರ. ಆ ಮನೆಯಲ್ಲಿ ತಂದೆಗೂ ಮಗನಿಗೂ ಅಂಥದ್ದೇ ಉಂಗುರ, ಕೈಯೂ ಒಂದೇ ಅಚ್ಚಿನದು. ನಾನು ಅದನ್ನು ಎಷ್ಟು ಹೊತ್ತು ನೋಡಿದರೂ ಅದು ನನಗೆ ಬೇಕಾದವರ ಕೈಯಾಗಿಯೇ ಕಂಡಿತು. ಅವಳಿಗೆ ಅವಳು ಹೇಳಿದವರದ್ದಾಗಿ. ಫೋನು ಒಳಗಿಟ್ಟಳು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮತ್ತೆ ಅಂಗಡಿಗೆ ಹೋದೆ. ದೀಪ ಜೋರಾಗಿ ಉರಿಯುತ್ತಿತ್ತು. ಪಾಳಿಯವರು ನಿಂತುಕೊಂಡೇ ತಿನ್ನುತ್ತಿದ್ದರು, ಮಾವ ಎಣ್ಣೆಗೆ ಹಿಟ್ಟು ಬಿಡುತ್ತ ಒಬ್ಬನ ಹೊಸ ಮೀಸೆಯನ್ನು ಮರಾಠಿಯಲ್ಲಿ ಆಡಿಕೊಳ್ಳುತ್ತಿದ್ದರು. ಹಿಟ್ಟಿನ ರುಚಿಯನ್ನು ಒಂದೇ ಸಲ ನೋಡಿದರು ಎಂದು ನನ್ನ ನೆನಪು. ಎಲ್ಲ ಮುಗಿದು, ತೊಳೆದು, ಶಟರು ಎಳೆದು ಬೀಗ ಹಾಕಿ ಗೇಟಿನವರೆಗೆ ಬಂದೆವು. ಮಾವ ನಿಂತರು.

"ಲೈಟ್ ಆಫ್ ಮಾಡಿದೆ ಅಲ್ವಾ?"

ನಾನು ಆ ಹೊತ್ತಿಗೆ ಫೋನು ನೋಡುತ್ತಿದ್ದೆ. ಮಾಡಿದಿರಿ ಎನ್ನಲು ಬಾಯಿ ತೆರೆದೆ. ಮೊದಲಾದರೆ ಹೇಳಿಬಿಡುತ್ತಿದ್ದೆ. "ನಾನು ಕಾಣ್ಲಿಲ್ಲ ಮಾವ," ಎಂದೆ.

ಹಿಂದೆ ಹೋದೆವು. ಮಾವ ಬಗ್ಗಿ ಶಟರಿನ ಸಂದಿಗೆ ಕಣ್ಣಿಟ್ಟರು. ಒಳಗೆ ಕತ್ತಲೆ.

"ಆರಿದೆ ಮಾವ. ಹೋಗುವ."

ಅವರು ಏಳಲಿಲ್ಲ. "ಆರಿದೆ. ಆದ್ರೆ ಕತ್ತಲೆ ಆದ್ರೆ ಆಫ್ ಮಾಡಿದ ಹಾಗೆ ಅಲ್ಲ ಅಂತ ನೀವೇ ಹೇಳಿದ್ದಲ್ವಾ? ಸ್ವಿಚ್ಚು ಹೇಗುಂಟು ಅಂತ ಇಲ್ಲಿಂದ ಗೊತ್ತಾಗುದಿಲ್ಲ."

ಬೀಗ ತೆಗೆದರು, ಶಟರು ಎತ್ತಿದರು, ಟಾರ್ಚು ಹಚ್ಚಿ ಒಳಗೆ ಹೋದರು. ಸ್ವಿಚ್ಚು ಆರಿಸಿಯೇ ಇತ್ತು. ಅದನ್ನು ಒಮ್ಮೆ ಹಾಕಿದರು. ದೀಪ ಬಂತು. ಆರಿಸಿದರು. ದೀಪ ಹೋಯಿತು. ಟಕ್ ಎಂಬ ಸದ್ದನ್ನು ಮನಸ್ಸಿಗೆ ತೆಗೆದುಕೊಳ್ಳುವವರ ಹಾಗೆ ಸ್ವಲ್ಪ ಹೊತ್ತು ಬೆರಳನ್ನು ಅಲ್ಲಿಯೇ ಇಟ್ಟುಕೊಂಡಿದ್ದರು. ಆಮೇಲೆ ಗ್ಯಾಸಿನ ಕಡೆ ಟಾರ್ಚು ತಿರುಗಿಸಿದರು.

ಕಿಲುಬನ್ನು ನಾನು ಸೋಡಾ ಹಾಕಿ ತೊಳೆದಿದ್ದೆ. ಮಾವನೊಳಗೆ ಕೂತ ಈ ಸಂಶಯಕ್ಕೆ ಏನು ಹಾಕಿ ತೊಳೆಯುವುದೆಂದು ನನಗೆ ಗೊತ್ತಿಲ್ಲ, ಅದನ್ನು ಹಚ್ಚಿದವರಿಗೆ ಅದು ಕಾಣುವುದೂ ಇಲ್ಲ. ಮಾವ ಹೊರಗೆ ಬಂದ ಮೇಲೆ ಈ ಸಲ ಶಟರು ಎಳೆದವನು ನಾನು. ಬೇಕಾದ್ದಕ್ಕಿಂತ ಜೋರಾಗಿ ಎಳೆದೆನೆಂದು ಕಾಣುತ್ತದೆ. ಗೇಟಿನ ಬಳಿ ವಾಚ್‌ಮನ್ ಕುರ್ಚಿಯಿಂದ ಎದ್ದು ನಮ್ಮ ಕಡೆ ನೋಡಿದ.